ರೋಮಾಪುರದ ಪತ್ರಿಕೆ ಹಿಡಿದು ಮಲೆನಾಡಿಗೆ

ಗುರುವಾರ, ಶಿವಮೊಗ್ಗ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಅಯ್ಯನವರು ಮಲೆನಾಡಿಗೆ ಹೊರಡುತ್ತಾರೆ. ಸೇವೆಯಿಂದ ನಿವೃತ್ತರಾದ ಸಭಾಪಾಲಕರು. ಹತ್ತು ಹದಿನೈದು ಮನೆಗಳ ಸಣ್ಣ ಕ್ರೈಸ್ತ ಸಭೆಗಳಿಗೆ ಹೋಗಿ, ಅಲ್ಲೇ ಉಳಿದು, ಸತ್ಯವೇದದ, ಅಂದರೆ ಬೈಬಲಿನ, ಒಂದು ಪುಸ್ತಕವನ್ನು ಜನರ ಜೊತೆ ಕೂತು ಓದುವುದು ಅವರ ರೂಢಿ. ಈ ಸಲ ಅಪೊಸ್ತಲ ಪೌಲ ರೋಮಾಪುರದವರಿಗೆ ಕಾಗದವಾಗಿ ಬರೆದ ಪತ್ರಿಕೆ. "ನೀನೂ ಬಾರಮ್ಮ, ಸಂಡೇ ಸ್ಕೂಲ್ ಮಕ್ಕಳಿಗೆ ಹೇಳೋಕೆ ಬೇಕಾಗುತ್ತೆ" ಅಂದರು. ಬೆಂಗಳೂರಿನಿಂದ ರೈಲು ಹತ್ತಿದೆ. ಭದ್ರಾವತಿ ದಾಟಿದ ಮೇಲೆ ಕಿಟಕಿಯಾಚೆ ಎಲ್ಲೆಲ್ಲೂ ಹಸಿರು. ಸ್ಟೇಷನ್ನಿಗೆ ಅವರೇ ಬಂದು ನಿಂತಿದ್ದರು.

ಊರೊಳಗೆ ಹೋಗುವಾಗ ಸೇಕ್ರೆಡ್ ಹಾರ್ಟ್ ಚರ್ಚಿನ ಮುಂದೆ ಆಟೋ ನಿಧಾನವಾಯಿತು. ಅದು ಕಥೋಲಿಕರ ದೊಡ್ಡ ಚರ್ಚು. ಅಯ್ಯನವರು ಅದನ್ನೇ ನೋಡುತ್ತಾ, "1517ರಲ್ಲಿ ಶುರುವಾದ ಜಗಳ, 1999ರಲ್ಲಿ ಕೂತು ಮಾತಾಡಿ ಒಂದು ಹಂತಕ್ಕೆ ತಂದರು" ಅಂದರು. ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಕಥೋಲಿಕ ಸಭೆಯನ್ನು ಪ್ರಶ್ನಿಸಿ ಶುರುವಾದ ಜಗಳ ಅದು; ಅವರ ದಾರಿ ಹಿಡಿದವರು ಲೂಥರನ್ನರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಸಭೆಗಳ ಒಕ್ಕೂಟ ಮತ್ತು ಕಥೋಲಿಕ ಸಭೆ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದವು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ತನ್ನ ಪುಣ್ಯದ ಲೆಕ್ಕದಿಂದಲ್ಲ, ಕೃಪೆಯಿಂದ ಎಂದು ಎರಡೂ ಕಡೆಯವರು ಒಟ್ಟಿಗೆ ಹೇಳಿದರು. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿಕೊಂಡರು.

ಮಲೆನಾಡಿನಲ್ಲಿ ಲೂಥರ್‌ಗೆ ಏನು ಕೆಲಸ ಅಂತ ಕೇಳುವವರಿದ್ದಾರೆ. ನಾವು ಹೋದ ದಾರಿಯಲ್ಲಿ ಲೂಥರನ್ ಎಂಬ ಬೋರ್ಡು ಎಲ್ಲೂ ಕಾಣಲಿಲ್ಲ, ನಿಜ. ಆದರೆ ಲೂಥರ್ ಓದಿದ ರೀತಿ ಇಲ್ಲಿಗೆ ಎರಡು ದಾರಿಯಲ್ಲಿ ಬಂದಿದೆ. ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ಇಂಗ್ಲೆಂಡಿನ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್, ಶಿವಮೊಗ್ಗಕ್ಕೆ ಬಂದವರೂ ಅವರೇ. ಅವರ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಯಾರೋ ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಅದನ್ನು ಕೇಳುತ್ತಾ ತನ್ನ ಹೃದಯ ಬೆಚ್ಚಗಾಯಿತು ಎಂದು ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡರು. ಇನ್ನೊಂದು ದಾರಿ ಘಟ್ಟದ ಕೆಳಗಿನದು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಅದರಲ್ಲಿ ಲೂಥರನ್ನರೂ ಇದ್ದರು, ಸ್ವಿಸ್ ಸುಧಾರಕರ ದಾರಿ ಹಿಡಿದ ರಿಫಾರ್ಮ್ಡ್ ಪಂಥದವರೂ ಇದ್ದರು. ನಿಘಂಟಿನ ಕಿಟ್ಟೆಲ್ ಕೂಡ ಲೂಥರನ್ ಪಾದ್ರಿಯ ಮಗ.

1947ರಲ್ಲಿ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಅನ್ನುವುದು, ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಹುಟ್ಟಿದಾಗ ಲೂಥರನ್ ಸಭೆಗಳು ಹೊರಗೇ ಉಳಿದವು. ಆದರೂ 1948ರಿಂದ ಸುಮಾರು ಒಂದು ದಶಕ ಎರಡೂ ಕಡೆಯವರು ಕೂತು ಮಾತಾಡಿದರು. ಧರ್ಮಶಾಸ್ತ್ರ (ದೇವರ ಆಜ್ಞೆ) ಮತ್ತು ಸುವಾರ್ತೆ (ದೇವರ ವಾಗ್ದಾನ), ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇವೆಲ್ಲ ಆ ಮಾತುಕತೆಯಲ್ಲಿದ್ದವು. ಇವತ್ತು ನಮ್ಮ ಸಭೆಗಳಲ್ಲಿ ಆ ವಿಷಯಗಳನ್ನು ಎಷ್ಟು ಜನ ಮಾತಾಡುತ್ತಾರೆ ಅನ್ನೋದೇ ನನ್ನ ಚಿಂತೆ. ಹಾಡು, ವಾರ್ಷಿಕೋತ್ಸವ, ಕಮಿಟಿ ಚುನಾವಣೆ ಎಲ್ಲಾ ಜೋರಾಗಿ ನಡೆಯುತ್ತೆ. ಪತ್ರಿಕೆಯೊಂದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೂತು ಓದುವುದು ಮಾತ್ರ ಕಡಿಮೆ.

ಸಂಜೆ ಶಿವಮೊಗ್ಗದಲ್ಲಿ ಒಬ್ಬರ ಮನೆಯ ಮಹಡಿಯ ಮೇಲೆ ಮೊದಲ ಕೂಟ. ಅಯ್ಯನವರ ವಿಧಾನ ತುಂಬಾ ಸರಳ. ವಾಕ್ಯ ಓದಿಸುತ್ತಾರೆ. ಆಮೇಲೆ ಒಂದೇ ಪ್ರಶ್ನೆ: "ಇಲ್ಲಿ ದೇವರು ಕೇಳ್ತಿದ್ದಾನಾ, ಕೊಡ್ತಿದ್ದಾನಾ?" ಲೂಥರ್ ಸತ್ಯವೇದ ಓದಿದ್ದು ಹೀಗೆ. ಆಜ್ಞೆಯೂ ದೇವರ ಮಾತೇ, ವಾಗ್ದಾನವೂ ದೇವರ ಮಾತೇ. ಆಜ್ಞೆ ನಮ್ಮ ಕೈಲಾಗದ್ದನ್ನು ತೋರಿಸಿ ನಮ್ಮ ಜಂಬ ಇಳಿಸುತ್ತದೆ. ವಾಗ್ದಾನ ಕ್ರಿಸ್ತನನ್ನು ಕೈಗಿಡುತ್ತದೆ. ಎರಡನ್ನೂ ಕಲಸಿಬಿಟ್ಟರೆ ಕಷ್ಟ. ಒಂದೋ ದೇವರು ಬರೀ ಮೇಸ್ತ್ರಿಯಾಗುತ್ತಾನೆ, ಇಲ್ಲವೇ ಏನು ಮಾಡಿದರೂ ನಡೆಯುತ್ತೆ ಎಂಬ ಉಡಾಫೆ ಬರುತ್ತದೆ. ಯುವಕ ಲೂಥರ್ ಮಠದಲ್ಲಿದ್ದಾಗ ದೇವರ ನೀತಿ ಎಂಬ ಮಾತು ಕೇಳಿದರೇ ನಡುಗುತ್ತಿದ್ದರಂತೆ. ಆ ನೀತಿಯಿಂದ ದೇವರು ಪಾಪಿಯನ್ನು ಶಿಕ್ಷಿಸುತ್ತಾನೆ ಎಂದು ಅವರು ತಿಳಿದಿದ್ದರು. ರೋಮಾಪುರದ ಮೊದಲ ಅಧ್ಯಾಯದ 17ನೇ ವಾಕ್ಯದ ಮೇಲೆ ಹಗಲು ರಾತ್ರಿ ಕೂತ ಮೇಲೆ, ಅದು ದೇವರು ಪಾಪಿಗೆ ಕೊಡುವ ನೀತಿ ಎಂದು ಕಂಡಿತು. ಸ್ವರ್ಗದ ಬಾಗಿಲು ತೆರೆದ ಹಾಗಾಯಿತು ಎಂದು ಮುದಿವಯಸ್ಸಿನಲ್ಲಿ ನೆನಪಿಸಿಕೊಂಡರು.

ಕೂಟದಲ್ಲಿದ್ದ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು ಕೈ ಎತ್ತಿದರು. ಶ್ರೀವೈಷ್ಣವರಲ್ಲಿ ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಅಂತ ಇದೆಯಲ್ಲ ಅಯ್ಯನವರೇ ಅಂದರು. ಕೋತಿಯ ಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಸುಮ್ನೆ ಇರುತ್ತೆ, ತಾಯಿಯೇ ಕಚ್ಚಿಕೊಂಡು ಹೋಗುತ್ತೆ. ಅಯ್ಯನವರ ಮುಖ ಅರಳಿತು. "ಲೂಥರ್ ಬೆಕ್ಕಿನ ಕಡೆಯವರೇ ಮೇಷ್ಟ್ರೇ. ಒಂದು ಮಾತು ಮಾತ್ರ ಸೇರಿಸ್ತಾರೆ. ಆ ತಾಯಿ ನಮ್ಮನ್ನು ಎತ್ತಿಕೊಳ್ಳೋಕೆ ಶಿಲುಬೆವರೆಗೂ ಹೋಗಬೇಕಾಯ್ತು." ಅವತ್ತಿನ ಕೂಟ ಮುಗಿದಾಗ ಒಂಬತ್ತೂವರೆ.

ಶುಕ್ರವಾರ, ತೀರ್ಥಹಳ್ಳಿ ಕಡೆ

ಬೆಳಿಗ್ಗೆ ತೀರ್ಥಹಳ್ಳಿ ರಸ್ತೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಗಳು, ಮಂಡಗದ್ದೆ. ಬಲಕ್ಕೋ ಎಡಕ್ಕೋ ತುಂಗೆ ಕಾಣುತ್ತಾ ಮರೆಯಾಗುತ್ತಾ ಬರುತ್ತಾಳೆ. ತೀರ್ಥಹಳ್ಳಿಯಲ್ಲಿ ಬಸ್ ಇಳಿದು, ಜೀಪಿನಲ್ಲಿ ಒಂದಷ್ಟು ದೂರ ಹೋಗಿ, ಕೆಸರು ದಾರಿಯಲ್ಲಿ ನಡೆದೆವು. ಸಭೆಯ ಒಬ್ಬ ಅಣ್ಣನ ಮನೆ. ಸಣ್ಣ ಅಡಿಕೆ ತೋಟ, ಮುಂದೆ ಅಂಗಳ, ಮಂಗಳೂರು ಹೆಂಚಿನ ಮಾಡು. ಆ ಹೆಂಚನ್ನು ಮೊದಲು ಕಾರ್ಖಾನೆಯಲ್ಲಿ ಮಾಡಿದ್ದೂ ಬಾಸೆಲ್ ಮಿಷನ್‌ನವರೇ, 1865ರಲ್ಲಿ, ಮಂಗಳೂರಿನ ಜೆಪ್ಪಿನಲ್ಲಿ. ಅವರ ಪ್ರಸಂಗ ಕೇಳದ ಮನೆಗಳಿಗೂ ಅವರ ಹೆಂಚು ಹೋಗಿದೆ.

ತೋಟ ನೋಡಿದರೆ ಬೇಜಾರಾಯಿತು. ಎಲೆಚುಕ್ಕಿ ರೋಗ. ಸೋಗೆಗಳ ಮೇಲೆ ಕಂದು ಚುಕ್ಕಿ ಹರಡಿ ಕೆಳಗಿನವು ಒಣಗಿ ಜೋತುಬಿದ್ದಿದ್ದವು. "ಔಷಧಿ ಹೊಡೆದೂ ಹೊಡೆದೂ ಸಾಕಾಯ್ತು ಮಾರಾಯ್ರೆ" ಅಂದರು ಅಣ್ಣ. ಆದರೂ ಕೊಯ್ಲು ನಿಲ್ಲುವ ಹಾಗಿಲ್ಲ. ಅವತ್ತು ಕೊನೆಗಾರ ಬಂದು ಹಸಿ ಗೊನೆ ಇಳಿಸಿದ್ದ. ಕೊಯ್ದ ಅಡಿಕೆಯನ್ನು ಹೆಚ್ಚು ದಿನ ಬಿಡೋಕಾಗಲ್ಲ. ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ ರಾತ್ರಿ ಕೂಟ ಬೇರೆ, ಸುಲಿತ ಬೇರೆ ಅಂತ ಮಾಡೋಕೆ ಆಗಲೇ ಇಲ್ಲ. ಜಗಲಿಯಲ್ಲೇ ಎರಡೂ.

ಸುಲಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು ಕೂರುತ್ತಾರೆ. ಹಸಿರು ಕಾಯಿಯನ್ನು ಕತ್ತಿಯ ಮೊನೆಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಸೀಳುತ್ತದೆ. ಮತ್ತೊಮ್ಮೆ ಒತ್ತಿದರೆ ಒಳಗಿನ ಬೆಟ್ಟೆ ಹೊರಗೆ ಬಂದು ಬುಟ್ಟಿಗೆ ಬೀಳುತ್ತದೆ. ಸಿಪ್ಪೆ ಎಡಕ್ಕೆ, ಅಡಿಕೆ ಬಲಕ್ಕೆ. ಕಣ್ಣು ಕತ್ತಿಯ ಮೇಲಿರುವುದಿಲ್ಲ, ಮಾತಾಡುವವರ ಮುಖದ ಮೇಲಿರುತ್ತದೆ. ಬೆರಳುಗಳೆಲ್ಲಾ ಚೊಗರು ಹತ್ತಿ ಕಪ್ಪಾಗಿ, ಉಗುರಿನ ಸಂದಿಯಲ್ಲಿ ಕೂತ ಕಪ್ಪು ತೊಳೆದರೂ ಹೋಗದು. ಅಕ್ಕಪಕ್ಕದ ಊರಿನಿಂದ ಸುಲಿಯೋಕೆ ಬಂದವರಿಗೆ ಸುಲಿದ ಅಡಿಕೆಯ ತೂಕದ ಮೇಲೆ ಕೂಲಿ. ಎಷ್ಟು ಕೆಜಿಯೋ ಅಷ್ಟು ದುಡ್ಡು.

ಬಂದವರೆಲ್ಲ ಸಭೆಯವರಲ್ಲ. ಅಯ್ಯನವರು ಮೊದಲೇ ಹೇಳಿದರು: "ನಾವು ಮನೆಯವರು ಓದ್ಕೋತೀವಿ. ನಿಮಗೆ ಬೇಡ ಅನ್ಸಿದ್ರೆ ಹೇಳಿ, ಒಳಗೆ ಹೋಗ್ತೀವಿ." ಓದಿ ಅಯ್ಯನೋರೆ, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ ಅಂದರು ಒಬ್ಬರು.

ಓದಿದ್ದು ನಾಲ್ಕನೇ ಅಧ್ಯಾಯ. ಅಬ್ರಹಾಮನ ಕಥೆ. ಅದರ 4 ಮತ್ತು 5ನೇ ವಾಕ್ಯಗಳಲ್ಲಿ ಪೌಲ ಹೇಳುವುದು ಇಷ್ಟು: ಕೆಲಸ ಮಾಡಿದವನಿಗೆ ಬರುವ ಕೂಲಿ ಕೃಪೆಯಲ್ಲ, ಅದು ಅವನಿಗೆ ಸಲ್ಲಬೇಕಾದ ಬಾಕಿ. ದೇವರ ಮುಂದೆ ಹಾಗಲ್ಲ. ಏನೂ ಮಾಡದವನು, ಭಕ್ತಿಹೀನನನ್ನೇ ನೀತಿವಂತನೆಂದು ಎಣಿಸುವ ದೇವರನ್ನು ನಂಬಿದರೆ, ಆ ನಂಬಿಕೆಯೇ ಅವನಿಗೆ ನೀತಿಯಾಗಿ ಲೆಕ್ಕಕ್ಕೆ ಬರುತ್ತದೆ.

ಸುಲಿಯುತ್ತಿದ್ದ ಒಬ್ಬ ಅಕ್ಕ ತಲೆ ಎತ್ತದೆ ಅಂದರು, "ಸರಿಯಾಗೇ ಹೇಳಿದಾರೆ. ಕೂಲಿ ಅಂದ್ರೆ ಕೂಲಿ. ತೂಕ ಹಾಕ್ಬೇಕು, ದುಡ್ಡು ಎಣಿಸ್ಬೇಕು. ಅದಕ್ಕೆ ನಾನು ಯಾರಿಗೂ ಕೈ ಮುಗಿಯೋ ಹಾಗಿಲ್ಲ."

ನಾನು ಪುಸ್ತಕ ಮಡಿಚಿ ಅವರನ್ನೇ ನೋಡಿದೆ. ಈ ಎರಡು ವಾಕ್ಯಗಳ ಬಗ್ಗೆ ನಾನು ಓದಿದ ವ್ಯಾಖ್ಯಾನಗಳಲ್ಲಿ ಇಷ್ಟು ನೇರವಾದ ಮಾತು ಸಿಕ್ಕಿರಲಿಲ್ಲ. ಪೌಲನ ವಾದ ನಿಂತಿರುವುದೇ ಇದರ ಮೇಲೆ. ಕೂಲಿಯಲ್ಲಿ ಹಕ್ಕಿದೆ, ಲೆಕ್ಕವಿದೆ, ಯಾರ ಹಂಗೂ ಇಲ್ಲ. ನಮ್ಮ ರಕ್ಷಣೆ ಕೂಲಿಯಾಗಿದ್ದರೆ ನಾವು ದೇವರ ಮುಂದೆ ತಕ್ಕಡಿ ಹಿಡಿದು ನಿಲ್ಲಬಹುದಿತ್ತು.

ಅಯ್ಯನವರು ಮತ್ತಾಯ 20ನೇ ಅಧ್ಯಾಯದ ಕಥೆ ಹೇಳಿದರು. ದ್ರಾಕ್ಷೇತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕರೆದ, ಮಧ್ಯಾಹ್ನ ಕೆಲವರನ್ನು, ಸಂಜೆ ಇನ್ನು ಒಂದು ತಾಸು ಇದೆ ಅನ್ನುವಾಗ ಇನ್ನೂ ಕೆಲವರನ್ನು. ಕೊನೆಗೆ ಎಲ್ಲರಿಗೂ ಒಂದೊಂದು ಪಾವಲಿ, ಅಂದರೆ ಒಂದು ದಿನದ ಕೂಲಿ. ಎಲ್ಲರಿಗೂ ಅಷ್ಟೇ.

"ಎಂತ!" ಅಕ್ಕನ ಕೈ ನಿಂತಿತು. "ಸಂಜೆ ಬಂದವ್ರಿಗೂ ಅಷ್ಟೇನಾ? ಹಂಗಾದ್ರೆ ಮಾರನೇ ದಿನ ಬೆಳಿಗ್ಗೆ ಯಾರು ಬರ್ತಾರೆ ಅಯ್ಯನೋರೆ?"

ಜಗಲಿ ತುಂಬಾ ನಗು. ಅಯ್ಯನವರೂ ನಕ್ಕರು, ಆದರೆ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸಿಬಿಡಲಿಲ್ಲ. ಆ ಕಥೆಯೊಳಗೂ ಬೆಳಿಗ್ಗೆ ಬಂದವರು ಇದೇ ಗೊಣಗಾಟ ಮಾಡಿದರು ಎಂದು ತೋರಿಸಿದರು. ಆಮೇಲೆ ಹೇಳಿದ್ದನ್ನು ನಾನು ಬರೆದುಕೊಂಡಿದ್ದೇನೆ. "ಅಕ್ಕ, ತೋಟ ನಡೆಸೋಕೆ ಇದು ಕಾನೂನಲ್ಲ. ತೋಟದಲ್ಲಿ ತಕ್ಕಡಿ ಇರಲೇಬೇಕು. ಯಾಕೋಬನ ಪತ್ರಿಕೆ ಐದನೇ ಅಧ್ಯಾಯ ನೋಡಿ, ಹಿಡಿದಿಟ್ಟುಕೊಂಡ ಕೂಲಿ ದೇವರಿಗೆ ಕೇಳೋ ಹಾಗೆ ಕೂಗುತ್ತೆ ಅಂತ ಇದೆ. ಕೃಪೆ ಕೃಪೆ ಅಂತ ಹೇಳಿ ಯಾರಾದ್ರೂ ನಿಮ್ಮ ಕೂಲಿ ಮುರಿದ್ರೆ ಅವರು ಕಳ್ಳರು. ದೇವರ ಹತ್ರ ಮಾತ್ರ ತಕ್ಕಡಿ ಇಲ್ಲ."

ಲೂಥರ್ 1523ರಲ್ಲಿ ಲೋಕದ ಅಧಿಕಾರದ ಬಗ್ಗೆ ಬರೆದಾಗ ಹೇಳಿದ್ದೂ ಇಂಥದ್ದೇ. ದೇವರು ಎರಡು ರೀತಿಯಲ್ಲಿ ಆಳುತ್ತಾನೆ. ಲೋಕದಲ್ಲಿ ನ್ಯಾಯ, ಕಾನೂನು, ಲೆಕ್ಕ. ಸುವಾರ್ತೆಯಲ್ಲಿ ಬರೀ ಕ್ಷಮೆ. ಈ ವಿಚಾರವನ್ನು ಇತಿಹಾಸದಲ್ಲಿ ಕೆಟ್ಟದ್ದಕ್ಕೂ ಬಳಸಿಕೊಂಡಿದ್ದಾರೆ, ದೊರೆ ಏನು ಮಾಡಿದರೂ ಸಭೆ ಬಾಯಿ ಮುಚ್ಚಿಕೊಂಡಿರಬೇಕು ಅಂತ. ಆದರೆ ಅವತ್ತು ಆ ಜಗಲಿಯಲ್ಲಿ ಅದರ ಒಳ್ಳೆಯ ಮುಖ ಕಂಡಿತು. ಕೃಪೆ ಇದೆ ಅಂತ ಕೂಲಿ ಕಡಿಮೆ ಮಾಡುವ ಹಾಗಿಲ್ಲ. ಕೂಲಿ ಇದೆ ಅಂತ ಕೃಪೆಯನ್ನು ತೂಗುವ ಹಾಗಿಲ್ಲ.

ಮನೆಯ ಅಜ್ಜಿ ಅಲ್ಲಿಯವರೆಗೂ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಕಾಲದಲ್ಲಿ ಆ ಸೀಮೆಯಲ್ಲೇ ಅವರಷ್ಟು ಬೇಗ ಸುಲಿಯುವವರು ಇರಲಿಲ್ಲವಂತೆ. ಈಗ ಕಣ್ಣಿನ ಪೊರೆ, ಕೈ ನಡುಕ. "ನನ್ನ ಕೈಲೀಗ ಎರಡು ಕೆಜಿನೂ ಆಗಲ್ಲ. ಸಂಜೆ ಬಂದವ್ರು ಅಂದ್ರಲ್ಲ, ಅದು ನಾನೇ" ಅಂದರು. ಸುಲಿಯುತ್ತಿದ್ದ ಅಕ್ಕ ಅಜ್ಜಿಯ ಕಡೆ ತಿರುಗಿ, "ನೀವು ಬೆಳಿಗ್ಗೆಯಿಂದಾನೇ ಇದ್ದೋರಲ್ವಾ ಅಜ್ಜಿ" ಅಂದರು. ಅಜ್ಜಿ ಒಪ್ಪಲಿಲ್ಲ. ದೇವರ ಮುಂದೆ ಎಲ್ಲರೂ ಸಂಜೆ ಬಂದವರೇ ಅಂದರು. ಇಬ್ಬರೂ ಅದರ ಮೇಲೆ ಒಂದಷ್ಟು ಹೊತ್ತು ವಾದ ಮಾಡಿದರು. ಅಯ್ಯನವರು ಬಾಯಿ ಹಾಕಲಿಲ್ಲ. ಬುಟ್ಟಿ ತುಂಬಿತು, ತೂಕ ಹಾಕಿದರು, ಅಣ್ಣ ಅಲ್ಲೇ ದುಡ್ಡು ಎಣಿಸಿ ಕೊಟ್ಟರು. ರಾತ್ರಿ ಊಟಕ್ಕೆ ಕಡುಬು, ಕಳಲೆ ಪಲ್ಯ.

ಶನಿವಾರ, ಆಗುಂಬೆ ದಾಟಿ ಕೊಪ್ಪದ ಕಡೆ

ಬೆಳಿಗ್ಗೆ ಹೊರಡುವಾಗ ಅಜ್ಜಿ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ತಂದು ಅಯ್ಯನವರ ಕೈಗಿಟ್ಟರು. "ನಿಮಗಲ್ಲ ಇದು. ನಾಳೆ ಸುಗ್ಗಿ ಹಬ್ಬಕ್ಕೆ."

ಆಗುಂಬೆಯಲ್ಲಿ ಮಂಜು. ಸಮುದ್ರ ಕಾಣುವ ಜಾಗದಲ್ಲಿ ನಿಂತರೆ ಏನೂ ಕಾಣಲಿಲ್ಲ. ಘಟ್ಟ ಇಳಿದರೆ ಸೋಮೇಶ್ವರ, ಹೆಬ್ರಿ, ಉಡುಪಿ. ಕೆಳಗೆ ಬಾಸೆಲ್ ಮಿಷನ್ನಿನ ಸೀಮೆ, ಮೇಲೆ ವೆಸ್ಲಿಯನ್ನರ ಸೀಮೆ. ಟೀ ಕುಡಿದು ಹೊರಟೆವು.

ಶೃಂಗೇರಿ ದಾಟಿ ಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಗೆ ಹೋದಾಗ ಮಧ್ಯಾಹ್ನ. ಕಾಫಿ ಹಣ್ಣು ಆಗಷ್ಟೇ ಕೆಂಪಾಗುತ್ತಿತ್ತು. ಇಲ್ಲಿನ ಸಭೆಯಲ್ಲಿ ಕನ್ನಡ, ತಮಿಳು, ತುಳು ಮೂರೂ ಕೇಳುತ್ತವೆ. ಶನಿವಾರ ಅರ್ಧ ದಿನ ಕೆಲಸ ಮುಗಿಸಿ ಬಂದವರು ಕೈಕಾಲು ತೊಳೆದು ಕೂತರು.

ಒಬ್ಬ ಹುಡುಗ ಮೊಬೈಲ್ ತೋರಿಸಿದ. ಅದರಲ್ಲಿ ಯಾರೋ ಬೋಧಕರು, ಇಷ್ಟು ಕಾಣಿಕೆ ಕಳುಹಿಸಿದರೆ ದೇವರು ಹತ್ತುಪಟ್ಟು ಆಶೀರ್ವಾದ ಕೊಡುತ್ತಾನೆ ಅನ್ನುತ್ತಿದ್ದರು. ಅವನು ಅಮ್ಮನ ಆಪರೇಷನ್ ಚೆನ್ನಾಗಿ ಆಗಲಿ ಅಂತ ಎರಡು ತಿಂಗಳು ಕಳಿಸಿದ್ದನಂತೆ. ಅಮ್ಮನಿಗೆ ಇನ್ನೂ ಹುಷಾರಿಲ್ಲ. "ನನ್ನ ನಂಬಿಕೆ ಸಾಲದಾ ಅಯ್ಯನವರೇ?"

ನನಗೆ ಸಿಟ್ಟು ಬಂತು, ಈಗಲೂ ಇದೆ. 1517ರಲ್ಲಿ ಜರ್ಮನಿಯಲ್ಲಿ ಟೆಟ್ಜೆಲ್ ಎಂಬ ಸನ್ಯಾಸಿ ಕ್ಷಮಾಪತ್ರ ಮಾರುತ್ತಿದ್ದ. ದುಡ್ಡು ಕೊಟ್ಟರೆ ಸತ್ತ ನೆಂಟರಿಗೂ ಬಿಡುಗಡೆ. ಬಂದ ಹಣದ ಒಂದು ಪಾಲು ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು. ಲೂಥರ್ 95 ವಾದಗಳನ್ನು ಬರೆದದ್ದು ಅದರ ವಿರುದ್ಧ. ಬಡವರ ದುಡ್ಡು ಹೋಗುತ್ತಿದೆ ಎಂಬ ಕೋಪ ಆ ವಾದಗಳಲ್ಲಿದೆ. ಅದಕ್ಕಿಂತ ಜಾಸ್ತಿ, ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆ ಕಟ್ಟುತ್ತಿದ್ದಾರೆ ಎಂಬ ಸಂಕಟವಿದೆ. ಲೈನ್ ಮನೆಯ ಹುಡುಗನ ಮೊಬೈಲಿನಲ್ಲಿ ನಡೆಯುತ್ತಿದ್ದದ್ದು ಅದೇ ವ್ಯಾಪಾರ. ನಮ್ಮ ಸಭೆಗಳು ಇದನ್ನು ನೋಡಿಯೂ ನೋಡದ ಹಾಗೆ ಇರಬಾರದು.

ಅಯ್ಯನವರು ಅವನ ಪಕ್ಕಕ್ಕೇ ಹೋಗಿ ಕೂತರು. "ನಿನ್ನ ನಂಬಿಕೆಯನ್ನು ಅಳೆಯಬೇಡ ಮಗ. ಅದನ್ನು ಅಳೆಯೋಕೆ ಹೊರಟರೆ ಅದೂ ಒಂದು ಕೂಲಿನೇ ಆಗಿಬಿಡುತ್ತೆ. ಹಿಡ್ಕೊಂಡಿರೋನು ಯಾರು ಅಂತ ನೋಡು." ಅವನ ಅಮ್ಮನಿಗೋಸ್ಕರ ಎಲ್ಲರೂ ಪ್ರಾರ್ಥನೆ ಮಾಡಿದರು. ಶಿವಮೊಗ್ಗದ ಆಸ್ಪತ್ರೆಗೆ ಜೊತೆಯಲ್ಲಿ ಯಾರು ಹೋಗೋದು ಅನ್ನುವುದನ್ನೂ ಅಲ್ಲೇ ತೀರ್ಮಾನಿಸಿದರು.

ಆಗ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಒಬ್ಬರು ಕೇಳಿದರು: ಎಲ್ಲಾ ಕೃಪೆ ಅಂದರೆ ಯಾಕೋಬನ ಪತ್ರಿಕೆ ಏನು ಮಾಡೋದು? ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂತ ಅಲ್ಲಿದೆಯಲ್ಲ? ಒಳ್ಳೆಯ ಪ್ರಶ್ನೆ. ಲೂಥರ್‌ಗೂ ಇದು ತೊಡಕಾಗಿತ್ತು. 1522ರ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಆ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಅಂದುಬಿಟ್ಟರು. ಕ್ರಿಸ್ತನನ್ನು ಎಷ್ಟು ಮುಂದಿಡುತ್ತದೆ ಎಂಬುದೇ ಅವರಿಗೆ ಪುಸ್ತಕದ ಅಳತೆ. ಆಮೇಲೆ ಇಡೀ ಸತ್ಯವೇದ ಅಚ್ಚಾದಾಗ ಆ ಸಾಲನ್ನು ಕೈಬಿಟ್ಟರು. ಯಾಕೋಬನನ್ನು ಮಾತ್ರ ಪುಸ್ತಕದಿಂದ ತೆಗೆಯಲಿಲ್ಲ. ಹುಲ್ಲು ಎಂಬ ಮಾತು ನನಗೆ ಅತಿಯಾಯಿತು ಅನ್ನಿಸುತ್ತದೆ. ಹಿಂದಿನ ರಾತ್ರಿ ಕೂಲಿಯ ನ್ಯಾಯಕ್ಕೆ ನಮಗೆ ಒದಗಿದ್ದು ಯಾಕೋಬನೇ ಅಲ್ವಾ? ಆದರೆ ರೋಮಾಪುರದ ಮುನ್ನುಡಿಯಲ್ಲಿ ಲೂಥರ್ ಹೇಳಿದ್ದು ಯಾಕೋಬನಿಂದ ಬಹಳ ದೂರವಿಲ್ಲ. ನಂಬಿಕೆ ಜೀವಂತವಾದದ್ದು, ಸುಮ್ನೆ ಕೂರುವ ಜಾತಿಯದಲ್ಲ, ಒಳ್ಳೆಯದು ಮಾಡಬೇಕಾ ಅಂತ ಕೇಳುವುದಕ್ಕೆ ಮೊದಲೇ ಅದು ಮಾಡಿ ಮುಗಿಸಿರುತ್ತದೆ ಎಂದು ಬರೆದರು. ಆಸ್ಪತ್ರೆಗೆ ಹೋಗುತ್ತೇನೆ ಎಂದು ಎದ್ದು ನಿಂತಿದ್ದವರು ಇದೇ ರೈಟರ್.

ಕತ್ತಲಾದ ಮೇಲೆ ಕರ್ತನ ಭೋಜನ. ಒಣದ್ರಾಕ್ಷಿ ಕುದಿಸಿ ಸೋಸಿದ ರಸ, ಪೇಟೆಯಿಂದ ತಂದ ಬ್ರೆಡ್ಡು. 1529ರಲ್ಲಿ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ 15 ಅಂಶಗಳಲ್ಲಿ 14ಕ್ಕೆ ಒಪ್ಪಿ, ಈ ಊಟದ ವಿಷಯದಲ್ಲಿ ಮುರಿದುಕೊಂಡರು. ಇದು ನನ್ನ ದೇಹ ಎಂಬ ಮಾತನ್ನು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡು ಕೂತಿದ್ದರು. ಅದು ಹಟದ ಹಾಗೆ ಕಾಣುತ್ತದೆ. ಆದರೆ ಆ ಹುಡುಗ ಎರಡೂ ಕೈ ಒಡ್ಡಿ ರೊಟ್ಟಿ ತೆಗೆದುಕೊಂಡಾಗ ಆ ಹಟದ ಅರ್ಥ ನನಗೆ ಆಯಿತು. ಅವನ ನಂಬಿಕೆ ಎಷ್ಟಿದೆ ಅಂತ ಆ ಊಟ ಕೇಳುವುದಿಲ್ಲ. ನಿನಗೋಸ್ಕರ ಕೊಟ್ಟದ್ದು ಅನ್ನುತ್ತದೆ.

ಭಾನುವಾರ, ಸುಗ್ಗಿ ಹಬ್ಬ

ಅಕ್ಟೋಬರ್ ಕೊನೆಯ ಭಾನುವಾರ, ಲೂಥರ್ ಶುರು ಮಾಡಿದ ಸುಧಾರಣೆಯನ್ನು ನೆನೆಯುವ ಸುಧಾರಣಾ ಭಾನುವಾರ. ಇಲ್ಲಿ ಅವತ್ತೇ ಸುಗ್ಗಿ ಹಬ್ಬವೂ ಇತ್ತು. ಪುಟ್ಟ ದೇವಾಲಯದ ಮುಂದೆಲ್ಲಾ ಬಾಳೆಗೊನೆ, ಸುವರ್ಣಗಡ್ಡೆ, ಕುಂಬಳಕಾಯಿ, ಕಾಳುಮೆಣಸು, ತೆಂಗಿನಕಾಯಿ, ಕಾಲು ಕಟ್ಟಿದ ಎರಡು ಹುಂಜ. 46ನೇ ಕೀರ್ತನೆಯನ್ನು ಒಂದು ಸಾಲು ಗಂಡಸರು, ಒಂದು ಸಾಲು ಹೆಂಗಸರು ಓದಿದರು. ಲೂಥರ್ ತಮ್ಮ ಅತಿ ಪ್ರಸಿದ್ಧ ಹಾಡು ಕಟ್ಟಿದ್ದು ಈ ಕೀರ್ತನೆಯಿಂದ. ಪ್ರಸಂಗ ಚಿಕ್ಕದು. 1546ರ ಫೆಬ್ರವರಿಯಲ್ಲಿ ಲೂಥರ್ ತೀರಿಕೊಂಡಾಗ ಸಿಕ್ಕ ಕೊನೆಯ ಚೀಟಿಯಲ್ಲಿ, ನಾವು ಭಿಕ್ಷುಕರು, ಇದು ನಿಜ ಎಂದು ಇತ್ತು. ಅಯ್ಯನವರು ಅದನ್ನು ಹೇಳಿ, "ಇಲ್ಲಿ ಇಟ್ಟಿರೋದೆಲ್ಲ ನಾವು ದೇವರಿಗೆ ಕಟ್ಟಿದ ಬಾಡಿಗೆ ಅಲ್ಲ. ಸಿಕ್ಕಿದ್ದನ್ನು ಹಂಚ್ಕೊಳ್ತಿದೀವಿ, ಅಷ್ಟೆ" ಅಂದರು.

ಆರಾಧನೆ ಆದ ಮೇಲೆ ಹರಾಜು. ಸಭೆಯ ಖಜಾಂಚಿ ಮೇಜಿನ ಪಕ್ಕ ನಿಂತು ಒಂದೊಂದೇ ಎತ್ತಿ ಹಿಡಿಯುತ್ತಿದ್ದರು. ಒಂದು ಸಲ, ಎರಡು ಸಲ, ಮೂರು ಸಲ! ಹುಂಜಕ್ಕೆ ಭಾರೀ ಪೈಪೋಟಿ. ಅಜ್ಜಿಯ ಅಪ್ಪೆಮಿಡಿ ಬಾಟಲಿ ಬಂದಾಗ ಮುಚ್ಚಳ ಸ್ವಲ್ಪ ಸಡಿಲಿಸಿ ಘಮ ಹರಡಿಸಿದರು. ಐವತ್ತರಿಂದ ಶುರುವಾಗಿ ಐನೂರಕ್ಕೆ ಹೋಯಿತು. ಹಿಡಿದವರು ಒಬ್ಬ ಸಣ್ಣ ಬೆಳೆಗಾರರು. ದುಡ್ಡು ಕೊಟ್ಟು, ಬಾಟಲಿಯನ್ನು ಮತ್ತೆ ಮೇಜಿನ ಮೇಲೇ ಇಟ್ಟರು. ಮತ್ತೆ ಹರಾಜು. ಎರಡನೇ ಸಲ ಹಿಡಿದ ಮಹಿಳೆಯೂ ಹಾಗೇ ಮಾಡಿದರು. ಮೂರನೇ ಸಲ ಯಾರೋ ಕೂಗುವಷ್ಟರಲ್ಲಿ ಖಜಾಂಚಿ ಕೈ ಎತ್ತಿ, ಇದು ಇವತ್ತಿನ ಊಟಕ್ಕೆ ಅಂದುಬಿಟ್ಟರು. ನೆಲದ ಮೇಲೆ ಸಾಲಾಗಿ ಕೂತು ಊಟ ಮಾಡುವಾಗ ಎಲ್ಲರ ಎಲೆಗೂ ಒಂದೊಂದು ಮಿಡಿ ಬಿತ್ತು. ಬಂದ ದುಡ್ಡಿನಲ್ಲಿ ಒಂದು ಭಾಗವನ್ನು ಹುಡುಗನ ಅಮ್ಮನ ಆಸ್ಪತ್ರೆ ಖರ್ಚಿಗೆ ಎಂದು ಕಮಿಟಿ ಬರೆದುಕೊಂಡಿತು.

ಸೋಮವಾರ, ವಾಪಸ್ಸು

ಬಾಳೆಹೊನ್ನೂರು, ನರಸಿಂಹರಾಜಪುರದ ಮೇಲೆ ಶಿವಮೊಗ್ಗಕ್ಕೆ ಬಸ್. ದಾರಿಯುದ್ದಕ್ಕೂ ಒಂದೇ ಮಾತು. ಒಬ್ಬ ಸಭಾಪಾಲಕರಿಗೆ ಹಲವು ಸಭೆ. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ಭಾನುವಾರಗಳಲ್ಲಿ ಮೊಬೈಲೇ ಗತಿ.

1528ರಲ್ಲಿ ಲೂಥರ್ ಸಾಕ್ಸನಿಯ ಹಳ್ಳಿಗಳ ಸಭೆಗಳಿಗೆ ತಪಾಸಣೆಗೆ ಹೋದರು. ಜನರಿಗೆ ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಏನೂ ಗೊತ್ತಿರಲಿಲ್ಲ. ಎಷ್ಟೋ ಪಾದ್ರಿಗಳಿಗೆ ಕಲಿಸೋಕೂ ಬರುತ್ತಿರಲಿಲ್ಲ. ಮನಸ್ಸು ಕೆಟ್ಟು ವಾಪಸ್ ಬಂದು 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ಮೊದಲು ಅಚ್ಚಾದದ್ದು ಗೋಡೆಗೆ ಅಂಟಿಸುವ ದೊಡ್ಡ ಹಾಳೆಗಳಾಗಿ. ಮನೆಯ ಯಜಮಾನ ಮನೆಯವರಿಗೆ ಹೇಗೆ ಸರಳವಾಗಿ ಕಲಿಸಬೇಕು ಎಂದು ಪ್ರತಿ ಭಾಗದ ಮೇಲೂ ಬರೆದಿತ್ತು. ದೊಡ್ಡ ವಿದ್ವಾಂಸರೊಬ್ಬರು ಮನೆಮಂದಿಯನ್ನು ನಂಬಿ ಮಾಡಿದ ಕೆಲಸ ಅದು. ಅವರ ಬರಹಗಳಲ್ಲಿ ನನಗೆ ತುಂಬಾ ಇಷ್ಟವಾದದ್ದೂ ಅದೇ.

ನಾವೂ ಹಾಗೇ ಮಾಡೋಣ ಅಂತ ಬಸ್ಸಿನಲ್ಲೇ ತೀರ್ಮಾನವಾಯಿತು. ಕ್ಯಾಲೆಂಡರ್ ಅಳತೆಯ ಹಾಳೆ, ದಪ್ಪ ಅಕ್ಷರ, ತಿಂಗಳಿಗೆ ಒಂದು ಭಾಗ. ಓದುವುದು ಮನೆಯವರೇ, ಜಗಲಿಯಲ್ಲೋ ಲೈನ್ ಮನೆಯಲ್ಲೋ. ಕೆಳಗೆ ಒಂದೇ ಪ್ರಶ್ನೆ: ದೇವರು ಇಲ್ಲಿ ಕೇಳ್ತಿದ್ದಾನಾ, ಕೊಡ್ತಿದ್ದಾನಾ? ಮೊದಲ ಹಾಳೆಗೆ ಅಯ್ಯನವರು ಹತ್ತು ಆಜ್ಞೆ ಅಂದರು, ಲೂಥರ್ ಶುರು ಮಾಡಿದ್ದೂ ಅಲ್ಲಿಂದಲೇ. ನಾನು ರೋಮಾಪುರ ನಾಲ್ಕನೇ ಅಧ್ಯಾಯ ಅಂದೆ. ಅಡಿಕೆ ಸುಲಿತ ಇನ್ನೂ ತಿಂಗಳುಗಟ್ಟಲೆ ಇದೆ, ಆ ಜಗಲಿಯವರು ವಾದ ಮುಗಿಸಿಲ್ಲ. ಅಯ್ಯನವರು ಸ್ವಲ್ಪ ಯೋಚನೆ ಮಾಡಿ, "ಆಯ್ತು, ಎರಡನ್ನೂ ಅಚ್ಚು ಹಾಕ್ಸು. ಯಾವ ಮನೆಗೆ ಯಾವುದು ಬೇಕು ಅಂತ ಅವರನ್ನೇ ಕೇಳೋಣ" ಅಂದರು. ಶಿವಮೊಗ್ಗದಲ್ಲಿ ಇಳಿದವರು ನೇರ ಪ್ರೆಸ್ಸಿಗೇ ಹೋಗಿ ರೇಟು ವಿಚಾರಿಸಿದೆವು.